ನೋಡಬೇಕಾದ ಸ್ಥಳಗಳ ಪಟ್ಟಿ: ಪ್ರವಾಸ ಕಥನದ ಮೊದಲ ಕರಡು

ಪ್ರವಾಸ ಕಥನಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಮರ್ಶೆಯೇ ಕಡಿಮೆ. ನಡೆದಿರುವಷ್ಟೂ ಲೇಖಕರು ಹಿಂತಿರುಗಿ ಬಂದು ಬರೆದ ಪುಸ್ತಕವನ್ನು ಕುರಿತದ್ದು. ಭಾಷೆ ಲವಲವಿಕೆಯಿಂದ ಕೂಡಿದೆಯೇ, ವಿವರಗಳು ಸರಿಯಾಗಿವೆಯೇ, ಲೇಖಕರ ವ್ಯಕ್ತಿತ್ವ ಎದ್ದು ಕಾಣುತ್ತದೆಯೇ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಆ ಪುಸ್ತಕಕ್ಕೂ ಹಿಂದೆ ಇನ್ನೊಂದು ಬರಹ ಇರುತ್ತದೆ. ಹೊರಡುವುದಕ್ಕೆ ಮೊದಲು ಮನೆಯ ಜಗಲಿಯಲ್ಲಿ ಕುಳಿತು, ಯಾವುದೋ ಹಳೆಯ ನೋಟು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟ ಪಟ್ಟಿ ಅದು: ನೋಡಬೇಕಾದ್ದು ಏನು, ಮಾಡಬೇಕಾದ್ದು ಏನು, ಎಲ್ಲಿ ಎಷ್ಟು ದಿನ. ಪ್ರವಾಸ ಕಥನದ ಮೊದಲ ಕರಡು ಆ ಪಟ್ಟಿಯೇ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಬರೆಯುವ ಮುನ್ನೂರು ಪುಟಗಳ ಹಣೆಬರಹ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗಿರುತ್ತದೆ. ಪಟ್ಟಿ ಎರವಲಾದರೆ ಪುಸ್ತಕವೂ ಎರವಲು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ನಮ್ಮ ಗಡಿನಾಡಿನವರಿಗೆ ಪರದೇಶವೆಂದರೆ ಬಹುಕಾಲ ಕೊಲ್ಲಿ ರಾಷ್ಟ್ರಗಳೇ ಆಗಿದ್ದುವು. ಅಲ್ಲಿಗೆ ಹೋಗುವುದು ದುಡಿಯುವುದಕ್ಕೆ. ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿದಾಗ, ಅಂದರೆ ಜುಲೈ ಆಗಸ್ಟಿನಲ್ಲಿ, ಹೋದವರೇ ಮಕ್ಕಳನ್ನು ಕಟ್ಟಿಕೊಂಡು ಊರಿನ ಮಳೆಗೆ ಬಂದಿಳಿಯುತ್ತಿದ್ದರು. ಈಗಲೂ ಬರುತ್ತಾರೆ. ಆದರೆ ಈಚೆಗೆ ಇನ್ನೊಂದು ದಾರಿ ತೆರೆದಿದೆ. ಕೇರಳದ ನರ್ಸುಗಳು ಜರ್ಮನಿಗೆ ಹೋಗುವುದು ಹೆಚ್ಚಿದೆ. 2021ರ ಡಿಸೆಂಬರಿನಲ್ಲಿ ರಾಜ್ಯ ಸರಕಾರದ ನೋರ್ಕ ರೂಟ್ಸ್ ಸಂಸ್ಥೆ ಜರ್ಮನಿಯ ಉದ್ಯೋಗ ಇಲಾಖೆಯೊಡನೆ ಇದಕ್ಕೆಂದೇ ಒಪ್ಪಂದ ಮಾಡಿಕೊಂಡಿತು. ಓದಲು ಹೋದವರೂ ಕಂಪ್ಯೂಟರ್ ಕೆಲಸಕ್ಕೆ ಹೋದವರೂ ಬೇರೆ ಇದ್ದಾರೆ. "ಒಂದು ಬೇಸಿಗೆಗೆ ಬಂದು ಹೋಗಿ" ಎಂದು ಅವರು ಕರೆದಾಗ ತಂದೆ ತಾಯಿ ಹೊರಡುತ್ತಾರೆ. ಷೆಂಗೆನ್ ವೀಸಾದ ಲೆಕ್ಕದಲ್ಲಿ 180 ದಿನಗಳೊಳಗೆ 90 ದಿನ ಅಲ್ಲಿರಬಹುದು. ಹಾಗೆ ಹೊರಟವರ, ಹೊರಡಲಿರುವವರ ನಾಲ್ಕೈದು ಪಟ್ಟಿಗಳು ನನ್ನ ಕೈಗೆ ಬಂದಿವೆ. ಅವನ್ನು ನಾನು ಒಂದು ಸಾಹಿತ್ಯ ಪ್ರಕಾರವೆಂಬಂತೆ ಓದಿದ್ದೇನೆ.

ಅವುಗಳಲ್ಲಿ ಒಂದನ್ನು ಮಾದರಿಯಾಗಿ ತೆಗೆದುಕೊಳ್ಳುತ್ತೇನೆ. ಬರೆದವರು ನಮ್ಮ ನೆರೆಯ ಗ್ರಾಮದ ನಿವೃತ್ತ ಅಧ್ಯಾಪಕರು. ಮಗಳು ಸ್ಟುಟ್‌ಗಾರ್ಟಿನ ಬಳಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅರುವತ್ತು ದಿನಗಳಲ್ಲಿ ಹದಿನಾಲ್ಕು ಊರು. ಪ್ಯಾರಿಸಿನ ಐಫೆಲ್ ಗೋಪುರ, ರೋಮಿನ ಕೊಲೋಸಿಯಮ್, ವೆನಿಸಿನ ದೋಣಿ, ಆಮ್‌ಸ್ಟರ್‌ಡಾಮಿನ ಕಾಲುವೆ, ಸ್ವಿಟ್ಜರ್ಲೆಂಡಿನ ಹಿಮ. ಮಗಳ ಮನೆಯಿರುವ ಊರಿನ ಹೆಸರು ಒಂದೇ ಒಂದು ಕಡೆ ಬರುತ್ತದೆ, ಅದರ ಮುಂದೆ "ವಿಶ್ರಾಂತಿ" ಎಂದು ಬರೆದಿದೆ. ಪಟ್ಟಿಯಲ್ಲಿರುವ ಕ್ರಿಯಾಪದಗಳನ್ನು ಗಮನಿಸಿದೆ. ಮೊದಲಿನಿಂದ ಕೊನೆಯವರೆಗೆ "ನೋಡುವುದು" ಎಂಬ ಒಂದೇ ಕ್ರಿಯಾಪದ. ಕೇಳುವುದು, ಓದುವುದು, ಒಬ್ಬರನ್ನು ಕಂಡು ಮಾತಾಡುವುದು, ಸುಮ್ಮನೆ ಕೂರುವುದು, ಇವು ಯಾವುವೂ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ, ಎರಡು ಭಾಷೆಗಳಲ್ಲಿ ಕವಿತೆಗಳನ್ನು ಬಾಯಿಗೆ ಹಾಕಿಕೊಂಡಿರುವ ಮನುಷ್ಯನ ಗುರುತು ಆ ಹಾಳೆಯ ಮೇಲೆ ಒಂದಿಷ್ಟೂ ಕಾಣಲಿಲ್ಲ. ಅದು ಯಾರ ಪಟ್ಟಿಯೂ ಆಗಬಹುದಿತ್ತು.

ನಾನು ಹಾಗೆಂದು ಹೇಳಿದಾಗ ಅವರು ಕೊಟ್ಟ ಉತ್ತರವನ್ನು ತಳ್ಳಿಹಾಕುವಂತಿಲ್ಲ. "ನೋಡಿ ಮಾಷ್ಟ್ರೇ, ಹೋಗುವುದು ಜೀವಮಾನದಲ್ಲಿ ಒಂದು ಸಲ. ಎರಡು ವರ್ಷದ ಅಡಿಕೆಯ ಹಣ ಹೋಗ್ತದೆ. ಇವಳಿಗೆ ಮಂಡಿನೋವು, ಇನ್ನೊಮ್ಮೆ ಹೋಗ್ಲಿಕ್ಕೆ ಆಗ್ಲಿಕ್ಕಿಲ್ಲ. ಬಿಡುವುದು ಯಾವುದನ್ನು, ನೀವೇ ಹೇಳಿ" ಎಂದರು. ಪಟ್ಟಿಯ ಉದ್ದಕ್ಕೆ ಕಾರಣ ದುರಾಸೆಯಲ್ಲ, ಭಯ ಎಂಬುದು ಆಗ ಸ್ಪಷ್ಟವಾಯಿತು. ಬಿಟ್ಟುಬಿಟ್ಟೆನಲ್ಲ ಎಂಬ ಕೊರಗಿನ ಭಯ. ಈ ಭಯಕ್ಕೆ ವಿಮರ್ಶೆ ಉತ್ತರ ಹೇಳಬೇಕು. ಹೇಳಲಾರದಿದ್ದರೆ ಅದು ಬರಿಯ ಅಣಕವಾಗುತ್ತದೆ.

*

ಮೊದಲಿಗೆ ಕಾಲದ ವಿಚಾರ. ಯುರೋಪಿನ ಬೇಸಿಗೆ ನಮ್ಮ ಮಳೆಗಾಲ. ಜೂನ್ ತಿಂಗಳಲ್ಲಿ ಸ್ಟುಟ್‌ಗಾರ್ಟಿನಲ್ಲಿ ರಾತ್ರಿ ಒಂಬತ್ತೂವರೆಯ ತನಕ ಬೆಳಕಿರುವಾಗ ಇಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರಿಗೆ ಆಟಿ, ಮಲಯಾಳಿಗಳಿಗೆ ಕರ್ಕಾಟಕ. ಮನೆ ಬಿಟ್ಟು ಹೊರಡದೆ, ಇದ್ದುದನ್ನು ಉಂಡುಕೊಂಡು, ಮಲಯಾಳಿಗಳ ಮನೆಗಳಲ್ಲಿ ರಾಮಾಯಣ ಓದಿಕೊಂಡು ಕಳೆಯುವ ತಿಂಗಳು ಅದು. ಸಂನ್ಯಾಸಿಗಳು ಚಾತುರ್ಮಾಸ್ಯ ಹಿಡಿದು ಒಂದೇ ಊರಲ್ಲಿ ನಿಲ್ಲುವುದೂ ಈ ಅವಧಿಯಲ್ಲಿಯೇ. ಅಂದರೆ ನಮ್ಮ ಪಂಚಾಂಗ "ನಿಲ್ಲು" ಎನ್ನುವ ತಿಂಗಳುಗಳಲ್ಲೇ ವಿಮಾನದ ಟಿಕೇಟು "ಓಡು" ಎನ್ನುತ್ತದೆ.

ಜಿ. ಎಸ್. ಶಿವರುದ್ರಪ್ಪನವರು ತಮ್ಮ ಒಂದು ಪ್ರವಾಸ ಕೃತಿಗೆ "ಇಂಗ್ಲೆಂಡಿನಲ್ಲಿ ಚತುರ್ಮಾಸ" ಎಂದು ಹೆಸರಿಟ್ಟರು. ಆ ಹೆಸರೇ ಒಂದು ವಿಮರ್ಶೆ ಎಂದು ನನಗೆ ತೋರುತ್ತದೆ. ಅದರಲ್ಲಿ ನಗುವಿದೆ, ಒಂದು ಸೂಚನೆಯೂ ಇದೆ. ಪರದೇಶದ ಬೇಸಿಗೆಯನ್ನು ಒಂದು ವ್ರತದ ಅವಧಿಯಂತೆ, ಒಂದು ಕಡೆ ನೆಲೆನಿಂತು ಕಳೆಯುವ ಕಾಲದಂತೆ ಕಾಣಬಹುದೆಂಬ ಸೂಚನೆ. ಅವರದೇ ಇನ್ನೊಂದು ಪುಸ್ತಕ "ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ". ಒಂದು ಊರು, ಎಣಿಸಿದ ದಿನಗಳು. ಹೆಸರಿನಲ್ಲಿಯೇ ಒಂದು ಮಿತಿಯನ್ನು ಒಪ್ಪಿಕೊಂಡಿದ್ದಾರೆ.

ಕನ್ನಡದ ಒಳ್ಳೆಯ ಪ್ರವಾಸ ಕಥನಗಳ ಹೆಸರುಗಳನ್ನು ಸಾಲಾಗಿಟ್ಟು ನೋಡಿದರೆ ಇಂತಹ ಮಿತಿಯ ಅರಿವು ಉದ್ದಕ್ಕೂ ಕಾಣುತ್ತದೆ. ಎ. ಎನ್. ಮೂರ್ತಿರಾಯರದು "ಅಪರವಯಸ್ಕನ ಅಮೆರಿಕಾ ಯಾತ್ರೆ": ಹೊರಟವನ ವಯಸ್ಸನ್ನು ಮೊದಲೇ ಹೇಳಿಬಿಡುತ್ತದೆ. ಕೃಷ್ಣಾನಂದ ಕಾಮತರದು "ನಾನೂ ಅಮೇರಿಕೆಗೆ ಹೋಗಿದ್ದೆ": ಆ "ನಾನೂ" ಎಂಬುದರಲ್ಲಿರುವ ದೀರ್ಘ, ಎಲ್ಲರೂ ಹೋಗಿ ಬಂದು ಹೇಳಿಕೊಳ್ಳುವುದನ್ನು ಒಂದಿಷ್ಟು ಚುಚ್ಚುತ್ತದೆ. 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ "ಅಮೆರಿಕದಲ್ಲಿ ಗೊರೂರು" ಎಂಬ ಹೆಸರಂತೂ ವ್ಯಕ್ತಿಯನ್ನೂ ಹಳ್ಳಿಯನ್ನೂ ಒಂದೇ ಮಾತಿನಲ್ಲಿ ವಿಮಾನ ಹತ್ತಿಸುತ್ತದೆ. ಅಮೆರಿಕವನ್ನು ನೋಡುತ್ತಿರುವವರು ಯಾರು ಎಂಬುದು ಇಲ್ಲೆಲ್ಲ ಮೊದಲಿಗೆ ಸ್ಪಷ್ಟ. ನಮ್ಮ ಪಟ್ಟಿಗಳಲ್ಲಿ ಇಲ್ಲದಿರುವುದು ಅದೇ.

ಮಲಯಾಳದ ಯಾತ್ರಾವಿವರಣದ ಪರಂಪರೆ ಇದಕ್ಕಿಂತಲೂ ಗಟ್ಟಿಯಾದ ಪಾಠ ಹೇಳುತ್ತದೆ. ಪಾರೇಮ್ಮಾಕ್ಕಲ್ ತೋಮಾ ಕತ್ತನಾರರ "ವರ್ತಮಾನಪ್ಪುಸ್ತಕಂ" ಹದಿನೆಂಟನೆಯ ಶತಮಾನದ್ದು, ಅಚ್ಚಾದದ್ದು 1936ರಲ್ಲಿ. ಕರಿಯಾಟ್ಟಿಲ್ ಜೋಸೆಫ್ ಮಲ್ಪಾನರೊಡನೆ 1778ರಲ್ಲಿ ಹೊರಟ ಅವರು ಬ್ರೆಜಿಲ್ ಕರಾವಳಿಯನ್ನು ಮುಟ್ಟಿ, ಲಿಸ್ಬನ್ ಸೇರಿ, ರೋಮಿಗೆ ಹೋಗಿ, ಮರಳಿದ್ದು 1786ರಲ್ಲಿ. ಎಂಟು ವರ್ಷ. ಅವರ ಪಟ್ಟಿಯಲ್ಲಿ ಇದ್ದುದು ಒಂದೇ ಕೆಲಸ: ತಮ್ಮ ಸಭೆಯ ಅಹವಾಲನ್ನು ರೋಮಿಗೆ ಮುಟ್ಟಿಸುವುದು. ಕಂಡ ಬಂದರು, ಅರಮನೆ, ಇಗರ್ಜಿ ಎಲ್ಲವೂ ಆ ಒಂದು ಕೆಲಸದ ದಾರಿಯಲ್ಲಿ ಸಿಕ್ಕಿದುವು. ಆದ್ದರಿಂದಲೇ ಅವು ಜೀವಂತವಾಗಿವೆ. ಎಸ್. ಕೆ. ಪೊಟ್ಟೆಕ್ಕಾಟ್ಟರು ಲಂಡನ್ನಿನ ಬಗ್ಗೆ ಬರೆಯದೆ ಇಲ್ಲ. ಆದರೆ ಆಫ್ರಿಕ, ಬಾಲಿ ಎಂದು ಇತರರು ಹೊರಳಿ ನೋಡದ ಕಡೆಗೂ ಹೋದರು. ಅವರ ಪಟ್ಟಿ ಅವರದೇ. ಒಂದು ಪ್ರಶ್ನೆ ಕೈಯಲ್ಲಿದ್ದವನಿಗೆ ಊರುಗಳು ತಾವಾಗಿ ಜೋಡಿಕೊಳ್ಳುತ್ತವೆ. ಪ್ರಶ್ನೆಯಿಲ್ಲದವನು ಎಷ್ಟು ಊರು ಸೇರಿಸಿದರೂ ಪಟ್ಟಿ ಉದ್ದವಾಗುತ್ತದೆಯೇ ಹೊರತು ದಾರಿಯಾಗುವುದಿಲ್ಲ.

*

ಹಾಗಾದರೆ ಕಾಸರಗೋಡಿನ ಓದುಗನೊಬ್ಬನ, ಈ ಎರಡು ಭಾಷೆಗಳ ವಾರ್ಷಿಕವನ್ನು ಕೈಯಲ್ಲಿ ಹಿಡಿದವನ ಸ್ವಂತ ಪಟ್ಟಿ ಹೇಗಿದ್ದೀತು? ಆ ಅಧ್ಯಾಪಕರ ಮಗಳಿರುವ ಸೀಮೆಯನ್ನೇ ತೆಗೆದುಕೊಳ್ಳೋಣ.

ಸ್ಟುಟ್‌ಗಾರ್ಟಿನಲ್ಲಿ 1814ರಲ್ಲಿ ಹುಟ್ಟಿದವರು ಹೆರ್ಮನ್ ಗುಂಡರ್ಟ್. ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿ, 1847ರಲ್ಲಿ "ರಾಜ್ಯಸಮಾಚಾರಂ" ಹೊರಡಿಸಿದವರು. ಅವರ ಮಲಯಾಳ-ಇಂಗ್ಲಿಷ್ ನಿಘಂಟು 1872ರಲ್ಲಿ ಪ್ರಕಟವಾಯಿತು. ಅಚ್ಚಾದದ್ದು ಎಲ್ಲಿ? ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅದೇ ಮಂಗಳೂರಿನ ಅದೇ ಅಚ್ಚುಕೂಟದಿಂದ ಹೊರಬಂತು. ನಮ್ಮ ಎರಡು ಭಾಷೆಗಳ ಎರಡು ದೊಡ್ಡ ನಿಘಂಟುಗಳು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್ ದೂರದ ಒಂದೇ ಅಚ್ಚುಕೂಟದ ಕೂಸುಗಳು. "ಮಂಗಳೂರ ಸಮಾಚಾರ"ವನ್ನು 1843ರಲ್ಲಿ ಆರಂಭಿಸಿದ ಮೊಗ್ಲಿಂಗ್ ಮತ್ತು ಗುಂಡರ್ಟ್ ಇಬ್ಬರೂ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಸ್ನೇಹಿತರು. ಕಿಟ್ಟೆಲರು ಕೊನೆಯ ವರ್ಷಗಳನ್ನು ಕಳೆದದ್ದು ಆ ಟ್ಯೂಬಿಂಗನ್ನಿನಲ್ಲಿ. 1903ರಲ್ಲಿ, ಅವರ ಕನ್ನಡ ವ್ಯಾಕರಣ ಪ್ರಕಟವಾದ ವರ್ಷವೇ, ಅಲ್ಲಿ ತೀರಿಕೊಂಡರು. ಗುಂಡರ್ಟರು 1893ರಲ್ಲಿ ತೀರಿಕೊಂಡದ್ದು ಕಾಲ್ವ್ ಎಂಬ ಪುಟ್ಟ ಪಟ್ಟಣದಲ್ಲಿ. ಸ್ಟುಟ್‌ಗಾರ್ಟ್, ಟ್ಯೂಬಿಂಗನ್, ಕಾಲ್ವ್ ಮೂರೂ ಒಂದು ದಿನದಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರ. ಈ ಮೂರರಲ್ಲಿ ಒಂದೂ ನನಗೆ ಸಿಕ್ಕಿದ ಯಾವ ಪಟ್ಟಿಯಲ್ಲೂ ನೋಡತಕ್ಕ ಊರಾಗಿ ಇರಲಿಲ್ಲ.

ಬೆಂಗಳೂರಿನಿಂದ ಹೋಗುವ ಕನ್ನಡಿಗರು ಕಿಟ್ಟೆಲರನ್ನು ನೆನೆಯುತ್ತಾರೆ. ಕೋಟ್ಟಯಂನಿಂದ ಹೋಗುವ ಮಲಯಾಳಿಗಳು ಗುಂಡರ್ಟರನ್ನು ನೆನೆಯುತ್ತಾರೆ. ಇಬ್ಬರನ್ನೂ ಒಂದೇ ಬೆಳಗಿನಲ್ಲಿ ನೆನೆಯಬಲ್ಲವನು, ಎರಡು ನಿಘಂಟುಗಳನ್ನೂ ಮನೆಯಲ್ಲಿ ಬಳಸಿ ಬೆರಳು ಸವೆಸಿಕೊಂಡವನು ಗಡಿನಾಡಿನವನು. ಆ ಪ್ರವಾಸ ಕಥನವನ್ನು ಬರೆಯುವ ಹಕ್ಕೂ ಅನುಕೂಲವೂ ಅವನಿಗಿದೆ. ನಾವೇ ಬರೆಯದಿದ್ದರೆ ಅದು ಬರೆಯದೆ ಉಳಿಯುತ್ತದೆ.

ಇಂತಹ ಪಟ್ಟಿಯಲ್ಲಿ ಕ್ರಿಯಾಪದಗಳು ತಾವಾಗಿ ಬದಲಾಗುತ್ತವೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಗುಂಡರ್ಟರ ಸಂಗ್ರಹವಿದೆ. ಪಯ್ಯನ್ನೂರ್ ಪಾಟ್ಟಿನ ಹಸ್ತಪ್ರತಿ ವಿದ್ವಾಂಸರ ಕೈಗೆ ಸಿಕ್ಕಿದ್ದು ಅಲ್ಲಿ. ಪಯ್ಯನ್ನೂರು ನಮಗೆ ತೆಂಕಣ ನೆರೆ, ರೈಲಿನಲ್ಲಿ ಒಂದು ಗಂಟೆಯ ಹಾದಿ; ಅದರ ಹಾಡು ಉಳಿದದ್ದು ನೆಕ್ಕರ್ ನದಿಯ ದಡದಲ್ಲಿ. ಅಲ್ಲಿ ಮಾಡಬೇಕಾದ ಕೆಲಸ "ಓದುವುದು". ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳುವುದು. ಅಲ್ಲಿ 2015ರಲ್ಲಿ ಮಲಯಾಳಕ್ಕಾಗಿ ಗುಂಡರ್ಟರ ಹೆಸರಿನ ಪೀಠ ಸ್ಥಾಪನೆಯಾಯಿತು. ವಿಶ್ವವಿದ್ಯಾಲಯದವರನ್ನು ಕಂಡು "ಮಾತಾಡುವುದು" ಇನ್ನೊಂದು ಕೆಲಸ. ಆದರೆ ಬೇಸಿಗೆಯ ಪಾಠಗಳು ಜುಲೈ ಕೊನೆಗೆ ಮುಗಿಯುತ್ತವೆ, ಆಗಸ್ಟಿನಲ್ಲಿ ಎಲ್ಲರೂ ರಜೆಯ ಮೇಲೆ ಊರು ಬಿಟ್ಟಿರುತ್ತಾರೆ. ಹಾಗಾಗಿ ಈ ಪಟ್ಟಿ ಇಟ್ಟುಕೊಂಡವರು ಜೂನ್ ತಿಂಗಳಲ್ಲಿ ಹೊರಡಬೇಕು. ಮದ್ದು ಬಿಡುವ ಏರ್ಪಾಡನ್ನು ಬೇರೆಯವರಿಗೆ ವಹಿಸಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸೋಮವಾರ ಹೆಚ್ಚಿನ ಮ್ಯೂಸಿಯಮ್ಮುಗಳು ಮುಚ್ಚಿರುತ್ತವೆ. ಆ ಎರಡು ದಿನ ನದಿಯ ದಡದಲ್ಲಿ ಕೂರುವುದಕ್ಕೆ. ಉದ್ದನೆಯ ಕೋಲು ಊರಿ ನಡೆಸುವ ಚಪ್ಪಟೆ ದೋಣಿಗಳು ಬೇಸಿಗೆಯಲ್ಲಿ ಅಲ್ಲಿ ಓಡಾಡುತ್ತವೆ. ಚಂದ್ರಗಿರಿ ಹೊಳೆಯಲ್ಲಿ ಕೋಲು ಹಾಕಿದವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಖರ್ಚಿನ ಮಾತು ಬಿಡುವಂತಿಲ್ಲ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ತಿಂಗಳ ಟಿಕೇಟಿನ ಬೆಲೆ ಆಮೇಲೆ ಏರಿದೆಯಾದರೂ, ಅದೊಂದನ್ನು ಇಟ್ಟುಕೊಂಡರೆ ಜರ್ಮನಿಯ ಪ್ರಾದೇಶಿಕ ರೈಲು, ಬಸ್ಸು, ಟ್ರಾಮುಗಳಲ್ಲಿ ತಿಂಗಳಿಡೀ ತಿರುಗಬಹುದು. ವೇಗದ ರೈಲುಗಳಿಗೆ ಅದು ನಡೆಯುವುದಿಲ್ಲ. ನಿಧಾನದ ರೈಲಿನ ಟಿಕೇಟು, ಹತ್ತಿರದ ಊರುಗಳ ಪಟ್ಟಿ, ಮಂಡಿನೋವಿನ ಹೆಂಡತಿ: ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

*

ಈ ಸಲಹೆಗೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು: ಗುಂಡರ್ಟರ ಸಂಗ್ರಹವನ್ನು ಟ್ಯೂಬಿಂಗನ್ನಿನವರು ಡಿಜಿಟಲ್ ಮಾಡಿ 2018ರಿಂದ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮನೆಯಲ್ಲಿ ಕುಳಿತೇ ನೋಡಬಹುದಾದ್ದಕ್ಕೆ ಅಷ್ಟು ದೂರ ಏಕೆ? ನಿಜ, ಹೊರಡುವ ಮುಂಚೆ ಅದನ್ನು ಇಲ್ಲೇ ನೋಡಿ ಮುಗಿಸಬೇಕು. ಅಲ್ಲಿ ಹೋಗುವುದು ಪರದೆಯ ಮೇಲೆ ಸಿಗದ್ದಕ್ಕೆ. ಶ್ವಾಬಿಯಾದವರ ಆಡುನುಡಿ ಪಠ್ಯಪುಸ್ತಕದ ಜರ್ಮನ್ ಅಲ್ಲ. ವಸ್ತುಗಳ ಹೆಸರಿಗೆಲ್ಲ "ಲೆ" ಸೇರಿಸಿ ಚಿಕ್ಕದಾಗಿಸಿ ಮುದ್ದಿನಿಂದ ಕರೆಯುವ ನುಡಿ ಅದು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ನುಡಿಯನ್ನು ಕೇಳಿ ಬೆಳೆದ ಕಿವಿಯೇ ಗುಂಡರ್ಟರಿಗೆ ಉತ್ತರ ಮಲಬಾರಿನ ಆಡುಮಾತನ್ನು ಆಲಿಸುವ ತಾಳ್ಮೆ ಕೊಟ್ಟಿರಬಹುದೆಂಬುದು ನನ್ನ ಊಹೆ. ಅದನ್ನು ಪರೀಕ್ಷಿಸುವುದಕ್ಕೆ ಅಲ್ಲಿನ ಸಂತೆಯಲ್ಲಿ ಅರ್ಧ ದಿನ ನಿಲ್ಲಬೇಕು. ತುಳು, ಕನ್ನಡ, ಮಲಯಾಳ, ಕೊಂಕಣಿಗಳ ನಡುವೆ ಬೆಳೆದ ಕಿವಿಗೆ ಅಲ್ಲಿ ಕೆಲಸವಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಇದು ಮಿಶನರಿಗಳ ತೀರ್ಥಯಾತ್ರೆಯಾಗುವುದಿಲ್ಲವೇ? ಭಕ್ತಿಯಿಂದ ಹೋದರೆ ಆಗುತ್ತದೆ. ಅವರು ಬಂದದ್ದು ಮತಪ್ರಚಾರಕ್ಕೆ. ನಿಘಂಟು, ಪತ್ರಿಕೆ, ಹೆಂಚಿನ ಕಾರ್ಖಾನೆ ಎಲ್ಲವೂ ಅದರ ಸುತ್ತ ಬೆಳೆದವು. ಬಾಸೆಲ್ ನಗರದ ಮಿಶನ್ ರಸ್ತೆಯ ದಫ್ತರದಲ್ಲಿ ಅವರು ಊರಿಗೆ ಬರೆದ ವರದಿಗಳೂ ತೆಗೆದ ಛಾಯಾಚಿತ್ರಗಳೂ ಇವೆ. ನಮ್ಮ ಹಿರಿಯರನ್ನು ಅವರು ಹೇಗೆ ಕಂಡರು, ಯಾವುದನ್ನು ಮೆಚ್ಚಿದರು, ಯಾವುದನ್ನು ಕೀಳೆಂದು ಬರೆದರು ಎಂಬುದನ್ನು ನಾವೇ ಓದಬೇಕು. ನಮ್ಮನ್ನು ನೋಡಲು ಬಂದವರನ್ನು ಹೋಗಿ ನೋಡುವುದು ಪ್ರವಾಸದ ಒಂದು ನ್ಯಾಯ.

ಬಾಸೆಲ್ಲಿಗೆ ಹೋಗಲು ಗಡಿನಾಡಿನವರಿಗೆ ಇನ್ನೂ ಒಂದು ಕಾರಣವಿದೆ. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವ ಊರು ಅದು. ಅಲ್ಲಿನ 8ನೇ ನಂಬರಿನ ಟ್ರಾಮು 2014ರಿಂದ ಜರ್ಮನಿಯ ಊರಿಗೂ, 3ನೇ ನಂಬರಿನದು 2017ರಿಂದ ಫ್ರಾನ್ಸಿನ ಊರಿಗೂ ಹೋಗುತ್ತದೆ. ಗಡಿಯ ಮೂರೂ ಬದಿಯ ಹಳೆಯ ಆಡುನುಡಿ ಒಂದೇ ಬಳ್ಳಿಯದು. ಆಲ್ಸಾಸ್ ಸೀಮೆ 1871ರಲ್ಲಿ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಯ ವಶಕ್ಕೆ, ಮಹಾಯುದ್ಧದ ಕೊನೆಗೆ ಪುನಃ ಫ್ರಾನ್ಸಿಗೆ ಹೋಯಿತು. ಅಲ್ಲಿನ ಸ್ಟ್ರಾಸ್‌ಬರ್ಗಿನ ಹಳೆಯ ಪೇಟೆಯ ಬೀದಿಗಳಲ್ಲಿ ಫ್ರೆಂಚ್ ಹೆಸರಿನ ಜೊತೆಗೆ ಸ್ಥಳೀಯ ನುಡಿಯ ಹೆಸರನ್ನೂ ಬರೆದಿದ್ದಾರೆ. ಆದರೆ ಫಲಕದಲ್ಲಿ ಉಳಿದ ನುಡಿ ಮಕ್ಕಳ ಬಾಯಲ್ಲಿ ಎಷ್ಟು ಉಳಿದಿದೆ ಎಂಬ ಪ್ರಶ್ನೆ ಬೇರೆ. 1956ರ ನವೆಂಬರ್ 1ರಿಂದ ಇಂತಹ ಪ್ರಶ್ನೆಯೊಂದಿಗೆ ಬದುಕುತ್ತಿರುವ ನಮಗಿಂತ ಚೆನ್ನಾಗಿ ಅದನ್ನು ಅಲ್ಲಿ ಕೇಳಬಲ್ಲವರು ಯಾರು? ಐಫೆಲ್ ಗೋಪುರದ ಮುಂದೆ ನಿಂತ ಕಾಸರಗೋಡಿನವನು ಲಕ್ಷಾಂತರ ಜನರಲ್ಲಿ ಒಬ್ಬ. ಸ್ಟ್ರಾಸ್‌ಬರ್ಗಿನ ನಾಮಫಲಕದ ಮುಂದೆ ನಿಂತರೆ ಅವನಿಗೆ ಹೇಳಲು ಏನೋ ಇರುತ್ತದೆ.

ಮೂರನೆಯದು ಆ ಅಧ್ಯಾಪಕರ ಆಕ್ಷೇಪ: ಹೋಗುವುದು ಒಂದೇ ಸಲ, ಬಿಡುವುದು ಹೇಗೆ? ಇದಕ್ಕೆ ಹೆರ್ಮನ್ ಹೆಸ್ಸೆಯ ಉದಾಹರಣೆ ಕೊಡುತ್ತೇನೆ. ಅವನು ಕಾಲ್ವಿನಲ್ಲಿ 1877ರಲ್ಲಿ ಹುಟ್ಟಿದವನು, ಗುಂಡರ್ಟರ ಮೊಮ್ಮಗ. ಅವನ ತಾಯಿ ಮಾರಿ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. 1911ರಲ್ಲಿ ಅವನು ಪೂರ್ವದೇಶಗಳ ಯಾತ್ರೆಗೆ ಹೊರಟ. ಸಿಂಗಾಪುರ, ಸುಮಾತ್ರಾ, ಸಿಲೋನ್ ಕಂಡ. ದೇಹಸ್ಥಿತಿ ಕೆಟ್ಟು, ದಣಿದು ಮರಳಿದ. ತಾಯಿ ಹುಟ್ಟಿದ ಊರನ್ನು, ಅಜ್ಜ ದುಡಿದ ನೆಲವನ್ನು ಅವನು ಕಡೆಗೂ ಮುಟ್ಟಲಿಲ್ಲ. ಆದರೂ 1913ರಲ್ಲಿ ಹೊರಬಂದ ಪ್ರವಾಸದ ಪುಸ್ತಕದ ಹೆಸರಿಗೆ "ಭಾರತದಿಂದ" ಎಂದೇ ಅರ್ಥ. "ಸಿದ್ಧಾರ್ಥ" ಬಂದದ್ದು ಇನ್ನೂ ಒಂಬತ್ತು ವರ್ಷಗಳ ಮೇಲೆ, 1922ರಲ್ಲಿ. ನೋಡದೆ ಬಿಟ್ಟುಬಂದದ್ದೂ ಒಬ್ಬನೊಳಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಲ್ಲವನ್ನೂ ನೋಡಿಬಿಟ್ಟವನ ಕೈಯಲ್ಲಿ ಚಿತ್ರಗಳು ಉಳಿಯುತ್ತವೆ. ಒಂದನ್ನು ಹುಡುಕಿಕೊಂಡು ಹೋದವನ ಕೈಯಲ್ಲಿ, ಅದು ಸಿಗದಿದ್ದಾಗಲೂ, ಬರೆಯುವುದಕ್ಕೆ ಕಾರಣ ಉಳಿಯುತ್ತದೆ.

ಎಲ್ಲರೂ ಟ್ಯೂಬಿಂಗನ್ನಿಗೇ ಹೋಗಬೇಕೆಂಬುದು ನನ್ನ ವಾದವಲ್ಲ. ಅಡಿಕೆ ಕೃಷಿಕರಾದವರು ಬೋರ್ಡೋ ಮಿಶ್ರಣಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಹದಿನೈದು ದಿನ ಇದ್ದು, ದ್ರಾಕ್ಷಿ ಬೆಳೆಯುವವರ ಜೊತೆ ರೋಗದ ಮಾತಾಡಿ ಬರಬಹುದು. ಆಗ ಹುಟ್ಟುವ ಕಥನ ಇನ್ನೊಂದು ಬಗೆಯದು. ಐಫೆಲ್ ಗೋಪುರವನ್ನು ನೋಡಲೇಬಾರದೆಂದೂ ಇಲ್ಲ. ದಾರಿಯಲ್ಲಿ ಸಿಕ್ಕಿದರೆ ನೋಡಬಹುದು. ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮದೊಂದು ಪ್ರಶ್ನೆ ಇರಬೇಕು, ಉಳಿದ ಊರುಗಳು ಅದರ ಕೆಳಗೆ ಬರಬೇಕು, ಅರ್ಧದಷ್ಟು ದಿನಗಳಾದರೂ ಖಾಲಿ ಇರಬೇಕು ಎಂಬಷ್ಟೇ ನನ್ನ ಮಾತು. ಆ ಖಾಲಿ ದಿನಗಳಲ್ಲಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದ ಮಗಳ ಜೊತೆ ಕುಳಿತು, ಅವಳು ಆ ದೇಶವನ್ನು ಯಾವ ಭಾಷೆಯಲ್ಲಿ ಬದುಕುತ್ತಿದ್ದಾಳೆಂದು ಕೇಳುವುದೂ ಸೇರಬೇಕು. "ವಿಶ್ರಾಂತಿ" ಎಂದು ಬರೆದ ಊರಿನಲ್ಲಿಯೇ ನೋಡಬೇಕಾದ್ದು ಹೆಚ್ಚಿರಬಹುದು.

ಈ ವಾರ್ಷಿಕಕ್ಕೆ ಪ್ರತಿವರ್ಷ ಪ್ರವಾಸದ ಲೇಖನಗಳು ಬರುತ್ತವೆ. ಹದಿನಾಲ್ಕು ಊರುಗಳನ್ನು ಆರು ಪುಟಗಳಲ್ಲಿ ದಾಟಿಸುವ ಲೇಖನಗಳ ಬದಲಿಗೆ ಒಂದೇ ಊರಿನಲ್ಲಿ ಒಂದು ತಿಂಗಳು ನಿಂತವರ ಬರಹಕ್ಕಾಗಿ ನಾನು ಕಾಯುತ್ತಿದ್ದೇನೆ. ಅದು ಕನ್ನಡದಲ್ಲಿರಲಿ, ಮಲಯಾಳದಲ್ಲಿರಲಿ. ಬರುವ ಬೇಸಿಗೆಗೆ ಹೊರಡುವವರು ಪೆಟ್ಟಿಗೆ ಕಟ್ಟುವ ಮೊದಲು ತಮ್ಮ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ. ಅದರಲ್ಲಿ ತಮ್ಮ ದನಿ ಕೇಳಿಸದಿದ್ದರೆ, ತಿದ್ದಿ ಬರೆಯಲು ಇನ್ನೂ ಸಮಯವಿದೆ.